ಈಶ್ವರಿಯ ಹಿಮ್ಮಡಿ

ಕಾಲು ನೋಡಬೇಡ, ಮೇಲೆ ಫ್ಯಾನ್ ನೋಡು ಎಂದು ನರ್ಸ್ ತೆಲುಗಿನಲ್ಲಿ ಹೇಳಿದರು.

ಈಶ್ವರಿ ಫ್ಯಾನ್ ನೋಡಿದಳು. ನರ್ಸ್ ಬಾಟಲಿಯಿಂದ ಉಪ್ಪುನೀರನ್ನು ಅವಳ ಎಡಗಾಲಿನ ಬ್ಯಾಂಡೇಜಿನ ಮೇಲೆ ಸುರಿಯುತ್ತಿದ್ದರು. ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು. ಅದು ಪೂರ್ತಿ ನೆನೆದ ಮೇಲೆ ಒಂದೊಂದೇ ಸುತ್ತು ಬಿಡಿಸತೊಡಗಿದರು. ಕೊನೆಯ ಸುತ್ತು ಬರುವಾಗ ಈಶ್ವರಿ ಹಲ್ಲು ಕಚ್ಚಿ ಹಿಡಿದಳು.

ಅವ್ವ ಬುಗ್ಗಮ್ಮ ತಲೆಯ ಹತ್ತಿರ ನಿಂತು ಅವಳ ಎರಡೂ ಕೈ ಹಿಡಿದುಕೊಂಡಿದ್ದಳು. ಅವ್ವನ ಹಿಡಿತ ಇದ್ದಕ್ಕಿದ್ದಂತೆ ಬಿಗಿಯಾಯಿತು. ಆಗ ಈಶ್ವರಿ ಫ್ಯಾನ್ ಬಿಟ್ಟು ಕಾಲು ನೋಡಿದಳು.

ಹಿಮ್ಮಡಿಯ ಹಿಂದಿನ ಚರ್ಮ ಕಪ್ಪಾಗಿತ್ತು. ಮಣ್ಣಾಗಿ ಕಪ್ಪಾದಂತೆ ಅಲ್ಲ, ಹಂಚಿನ ಮೇಲೆ ಹೊತ್ತಿಹೋದ ರೊಟ್ಟಿಯಂತೆ. ಐದು ದಿನದ ಹಿಂದೆ ಮಕ್ತಲದಲ್ಲಿ ಹಾಕಿದ ಹೊಲಿಗೆಗಳು ಆ ಕಪ್ಪಿನ ಸುತ್ತ ಹಾಗೇ ಇದ್ದವು.

"ಇದು ನಂದೇ ಕಾಲೇನವ್ವ?" ಎಂದು ಕೇಳಿದಳು.

ಅವ್ವ ಅವಳ ಮುಖವನ್ನು ಮತ್ತೆ ಫ್ಯಾನಿನ ಕಡೆ ತಿರುಗಿಸಿದಳು.

ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬಸವೇಶ್ವರಿ. ಉಳಿದ ಎಲ್ಲರಿಗೂ ಈಶ್ವರಿ. ಮಕ್ತಲದಿಂದ ಕೃಷ್ಣಾ ಕಡೆಗೆ ಹೋಗುವ ರಸ್ತೆಯಲ್ಲಿ, ತೆಲುಗು ಸೀಮೆಯ ಅಂಚಿನಲ್ಲಿ ಅವಳ ಊರು. ಮನೆಯಲ್ಲಿ ಮಾತು ಕನ್ನಡ, ಮಕ್ತಲದ ಶಾಲೆಯಲ್ಲಿ ತೆಲುಗು. ಐದನೇ ತರಗತಿಯ ಖೋಖೋ ಟೀಮಿನಲ್ಲಿ ಅವಳಷ್ಟು ಬೇಗ ತಪ್ಪಿಸಿಕೊಂಡು ಓಡುವವರು ಯಾರೂ ಇರಲಿಲ್ಲ.

ಆ ಗುರುವಾರ ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಬಸ್ಸು ಹೋಗಿಬಿಟ್ಟಿತ್ತು. ಕಲ್ಯಾಣ್ ಕಾಕಾ ಬೈಕ್ ತಂದ. ಕಲ್ಯಾಣ್ ಅಪ್ಪನ ತಮ್ಮ, ಹತ್ತೊಂಬತ್ತು ವರ್ಷದವನು. ಮಕ್ತಲದ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೈಕ್ ಕೊಂಡ ವಾರದಲ್ಲೇ ಅವನು ಹಿಂದಿನ ಗಾಲಿಯ ಪಕ್ಕದ ಸೀರೆ ಗಾರ್ಡ್ ಬಿಚ್ಚಿಸಿ ಹಾಕಿದ್ದ. ಅದಿದ್ದರೆ ಗಾಡಿ ಮುದುಕರ ಗಾಡಿಯಂತೆ ಕಾಣುತ್ತದೆ ಎನ್ನುತ್ತಿದ್ದ.

ಊರು ಇನ್ನೆರಡು ಕಿಲೋಮೀಟರ್ ಇರುವಾಗ ಈಶ್ವರಿಯ ಎಡಗಾಲು ಗಾಲಿಯ ಕಡ್ಡಿಗಳ ನಡುವೆ ಸಿಕ್ಕಿತು.

ಆಮೇಲೆ ನಡೆದದ್ದು ಅವಳಿಗೆ ತುಂಡು ತುಂಡಾಗಿ ನೆನಪಿದೆ. ಕಾಕಾ ತನ್ನ ಶರ್ಟ್ ಬಿಚ್ಚಿ ಕಾಲಿಗೆ ಸುತ್ತಿದ್ದು. ಒಂದು ಆಟೋ. ಮಕ್ತಲದಲ್ಲಿ ಹೊಲಿಗೆ. ನಾಲ್ಕನೇ ದಿನ ಜ್ವರ. ಐದನೇ ದಿನ ಪಾಲಮೂರಿನ ಈ ದೊಡ್ಡ ಆಸ್ಪತ್ರೆ.

ಮರುದಿನ ಆಪರೇಷನ್ ಕೋಣೆಯಲ್ಲಿ ಕಪ್ಪಾದ ಚರ್ಮವನ್ನೆಲ್ಲ ಕತ್ತರಿಸಿ ತೆಗೆದರು. ಒಳಗೆ ಬಿಳಿಯ ಹಗ್ಗದಂಥ ದಪ್ಪ ನರ ಕಾಣುತ್ತಿತ್ತು. ಹೆಜ್ಜೆ ಹಾಕುವಾಗ ಹಿಮ್ಮಡಿಯನ್ನು ಮೇಲೆತ್ತುವುದು ಅದೇ, ಅದು ಗಾಳಿಗೆ ಒಣಗಿದರೆ ಸತ್ತುಹೋಗುತ್ತದೆ, ಬೇಗ ಮುಚ್ಚಬೇಕು ಎಂದು ಡಾಕ್ಟರ್ ಸುರೇಂದರ್ ಹೇಳಿದರು. ಅವರು ಪ್ಲಾಸ್ಟಿಕ್ ಸರ್ಜನ್. ಕಾಲಿಗೆ ಪ್ಲಾಸ್ಟಿಕ್ ಹಚ್ಚುತ್ತಾರೇನೋ ಎಂದು ಅವ್ವ ಮೊದಲು ಹೆದರಿದ್ದಳು. ಪ್ಲಾಸ್ಟಿಕ್ ಏನೂ ಇಲ್ಲಮ್ಮ, ಇವಳದೇ ಚರ್ಮ ಎಂದು ಡಾಕ್ಟರ್ ಸಮಾಧಾನ ಮಾಡಿದರು.

ಅವರು ಮಂಚದ ಅಂಚಿನಲ್ಲಿ ಕುಳಿತು ಈಶ್ವರಿಗೇ ನೇರವಾಗಿ ವಿವರಿಸಿದರು. ತೊಡೆಯಿಂದ ತೆಳುವಾದ ಚರ್ಮ ತೆಗೆದು ಅಂಟಿಸಬಹುದು, ಆದರೆ ಬರಿಯ ನರದ ಮೇಲೆ ಅದು ಬದುಕುವುದಿಲ್ಲ. ಅಲ್ಲಿ ಅದಕ್ಕೆ ರಕ್ತ ಸಿಗುವುದಿಲ್ಲ. ದಪ್ಪನೆಯ, ತನ್ನದೇ ರಕ್ತವಿರುವ ಚರ್ಮ ಬೇಕು. ಎಡಗಾಲಿನ ಮೀನಖಂಡಕ್ಕೂ ಪೆಟ್ಟಾಗಿದೆ, ಆದ್ದರಿಂದ ಬಲಗಾಲಿನಿಂದ ತರಬೇಕು.

ಡಾಕ್ಟರ್ ಅವಳ ನೋಟ್‌ಬುಕ್ ತೆಗೆದುಕೊಂಡು ಒಂದು ಹಾಳೆ ಎತ್ತಿ ಹಿಡಿದರು. ಹಾಳೆಯ ಮೂರು ಕಡೆ ಬಿಡಿ, ಒಂದು ಕಡೆ ಪುಸ್ತಕದ ಹೊಲಿಗೆಗೆ ಸೇರಿಕೊಂಡಿತ್ತು. ಬಲಗಾಲಿನ ಚರ್ಮವನ್ನೂ ಹೀಗೇ ಮೂರು ಕಡೆ ಬಿಡಿಸುತ್ತೇವೆ ಎಂದರು. ನಾಲ್ಕನೆಯ ಕಡೆ ಬಲಗಾಲಿಗೇ ಉಳಿಯುತ್ತದೆ, ಅಲ್ಲಿಂದ ರಕ್ತ ಬರುತ್ತಿರುತ್ತದೆ. ಬಿಡಿಸಿದ ಭಾಗವನ್ನು ಎಡಗಾಲಿನ ಹಿಮ್ಮಡಿಗೆ ಹೊಲಿಯುತ್ತೇವೆ. ಹಿಮ್ಮಡಿ ತಾನೇ ಅದಕ್ಕೆ ರಕ್ತ ಕೊಡುವುದನ್ನು ಕಲಿಯಲು ಮೂರು ವಾರ ಬೇಕು. ಅಲ್ಲಿಯವರೆಗೆ ಎರಡೂ ಕಾಲು ಕೂಡಿಕೊಂಡೇ ಇರಬೇಕು.

ಗೋಡೆಗೆ ಒರಗಿ ನಿಂತಿದ್ದ ಕಲ್ಯಾಣ್ ಕಾಕಾ ಮುಂದೆ ಬಂದ. ಈ ಆರು ದಿನದಲ್ಲಿ ಅವನು ಗಡ್ಡ ಬೋಳಿಸಿರಲಿಲ್ಲ.

"ಸಾರ್, ನನ್ನ ಕಾಲಿಂದ ತಗೋರಿ," ಎಂದ. ಮಾತಾಡುತ್ತಲೇ ಬಗ್ಗಿ ಪ್ಯಾಂಟನ್ನು ಮೊಳಕಾಲಿನವರೆಗೆ ಮಡಚಿದ. "ಎಷ್ಟು ಬೇಕು ಅಷ್ಟು ತಗೋರಿ. ಅಕಿದು ಒಂದು ಕಾಲು ಹಾಳಾಗೈತಿ. ಇನ್ನೊಂದಕ್ಕ ಯಾಕ ಕೈ ಹಚ್ತೀರಿ?"

ಡಾಕ್ಟರ್ ನಗಲಿಲ್ಲ. ಬೇರೆಯವರ ಚರ್ಮ ಕೆಲವು ದಿನ ಮಾತ್ರ ನಿಲ್ಲುತ್ತದೆ, ಆಮೇಲೆ ಮೈ ಅದನ್ನು ಒಪ್ಪುವುದಿಲ್ಲ ಎಂದರು. ಅವಳ ಗಾಯಕ್ಕೆ ಅವಳದೇ ಆಗಬೇಕು.

ಕಾಕಾ ಮತ್ತೆ ಬಗ್ಗಿ ಮಡಚಿದ ಪ್ಯಾಂಟನ್ನು ಕೆಳಗಿಳಿಸಿದ. ಅದಕ್ಕೆ ಅವನು ಬಹಳ ಹೊತ್ತು ತೆಗೆದುಕೊಂಡ.

ಅಂದು ಮಧ್ಯಾಹ್ನ ಅಪ್ಪ ಬಂದ. ಅಪ್ಪ ಆಶಪ್ಪ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುತ್ತಾನೆ. ಮಗಳ ತಲೆ ಸವರಿ, ಬ್ಯಾಂಡೇಜ್ ನೋಡಿ, ಕಾಕಾನನ್ನು ಕರೆದುಕೊಂಡು ವರಾಂಡಕ್ಕೆ ಹೋದ. ಬಾಗಿಲು ಅರ್ಧ ತೆರೆದಿತ್ತು. ಈಶ್ವರಿಗೆ ಎಲ್ಲವೂ ಕೇಳಿಸಿತು.

ಸೀರೆ ಗಾರ್ಡ್ ಯಾಕೆ ಬಿಚ್ಚಿಸಿದೆ, ಎಷ್ಟು ಸ್ಪೀಡಿನಲ್ಲಿ ಹೊಡೆಯುತ್ತಿದ್ದೆ ಎಂದು ಅಪ್ಪ ಕೇಳಿದ. ಕಾಕಾ ಬಾಯಿ ಬಿಡಲಿಲ್ಲ. ಅಪ್ಪನ ದನಿ ಏರಲಿಲ್ಲ, ಇಳಿಯಿತು.

"ನಿನ್ನ ಮಾರಿ ನನಗ ತೋರಸಬ್ಯಾಡ," ಎಂದ.

ಸ್ವಲ್ಪ ಹೊತ್ತಿನ ಮೇಲೆ ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದು ಕೇಳಿಸಿತು. ಈಶ್ವರಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಗೊತ್ತಿತ್ತು. ಆ ದಿನ ಬೈಕಿನ ಮೇಲೆ ಅವಳು ಸುಮ್ಮನೆ ಕುಳಿತಿರಲಿಲ್ಲ. ಚಪ್ಪಲಿಯ ತುದಿಯನ್ನು ತಿರುಗುವ ಗಾಲಿಗೆ ತಾಗಿಸುತ್ತಿದ್ದಳು. ಕಡ್ಡಿಗಳಿಗೆ ತಾಗಿದಾಗ ಟರ್ರ್ ಎಂದು ಸದ್ದು ಬರುತ್ತಿತ್ತು. ಕಾಲು ಅಗಲ ಇಡು ಎಂದು ಕಾಕಾ ಒಮ್ಮೆ ಹೇಳಿದ. ಅವಳು ನಿಲ್ಲಿಸಿದಳು. ಮತ್ತೆ ಶುರು ಮಾಡಿದಳು. ಅವನು ಇನ್ನೊಮ್ಮೆ ಹೇಳಿದ. ಮೂರನೆಯ ಸಲ ಚಪ್ಪಲಿ ಸಿಕ್ಕಿಕೊಂಡಿತು, ಅದರ ಹಿಂದೆ ಕಾಲು ಹೋಯಿತು.

ಕಾಕಾ ಇದನ್ನು ಊರಲ್ಲಿದ್ದ ಆಯಿಗೆ, ತನ್ನ ತಾಯಿಗೆ, ಹೇಳಿರಲಿಲ್ಲ. ಅವ್ವನಿಗೆ ಹೇಳಿರಲಿಲ್ಲ. ಈಗ ಅಪ್ಪನಿಗೂ ಹೇಳಲಿಲ್ಲ.

ಅವಳೂ ಹೇಳಲಿಲ್ಲ.

ಎರಡು ದಿನದ ಮೇಲೆ ಆಪರೇಷನ್ ಆಯಿತು. ಎಚ್ಚರವಾದಾಗ ಅವಳ ಎರಡೂ ಕಾಲು ಒಂದರ ಮೇಲೊಂದು ಬಂದಿದ್ದವು. ಎಡಗಾಲಿನ ಹಿಮ್ಮಡಿ ಬಲಗಾಲಿನ ಮೀನಖಂಡಕ್ಕೆ ತಾಗಿಕೊಂಡಿತ್ತು. ಅವು ಅಲುಗದಂತೆ ಸುತ್ತಲೂ ಪ್ಲಾಸ್ಟರ್ ಹಾಕಿ, ನಡುವೆ ಒಂದು ಕಬ್ಬಿಣದ ಸರಳು ಕೂಡಿಸಿದ್ದರು. ಪ್ಲಾಸ್ಟರಿನಲ್ಲಿ ಒಂದು ಕಿಟಕಿ ಬಿಟ್ಟಿದ್ದರು. ಆ ಕಿಟಕಿಯಲ್ಲಿ ಬಲಗಾಲಿನಿಂದ ಎಡಗಾಲಿಗೆ ದಾಟಿದ ಚರ್ಮ ಕಾಣುತ್ತಿತ್ತು. ಚರ್ಮ ತೆಗೆದ ಜಾಗಕ್ಕೆ ತೊಡೆಯ ತೆಳು ಚರ್ಮ ಹಚ್ಚಿದ್ದರಂತೆ. ಹಾಗಾಗಿ ಈಗ ನೋವು ಮೂರು ಕಡೆ ಇತ್ತು.

ಗಂಟೆಗೊಮ್ಮೆ ನರ್ಸ್ ಬಂದು ಆ ಚರ್ಮವನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಒತ್ತಿದಾಗ ಬಿಳುಪಾಗಿ, ಬಿಟ್ಟಾಗ ಮತ್ತೆ ಕೆಂಪಾದರೆ ರಕ್ತ ಬರುತ್ತಿದೆ ಎಂದರ್ಥ. ನೀಲಿಯಾದರೆ ತಕ್ಷಣ ಡಾಕ್ಟರಿಗೆ ಹೇಳಬೇಕು. ಅವ್ವನೂ ಅದನ್ನು ಕಲಿತಳು. ಊಟ ಮಾಡುವಾಗಲೂ ಅವಳ ಕಣ್ಣು ಆ ಕಿಟಕಿಯ ಮೇಲೇ ಇರುತ್ತಿತ್ತು.

ಈಶ್ವರಿ ಮಗ್ಗುಲು ತಿರುಗುವಂತಿರಲಿಲ್ಲ. ಮೂತ್ರಕ್ಕೆ ಪಾಟ್ ಇಟ್ಟಾಗ ಅವ್ವ ಸೊಂಟ ಎತ್ತಿ ಹಿಡಿಯುತ್ತಿದ್ದಳು, ಇನ್ನೊಬ್ಬರು ಕಾಲು ಎತ್ತಿ ಹಿಡಿಯುತ್ತಿದ್ದರು. ಮೊದಲ ದಿನ ಅವಳು ನಾಚಿಕೆಯಿಂದ ಅತ್ತಳು. ಎರಡನೇ ದಿನ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಅದು ಗೊತ್ತಾಗಿ ಅವ್ವ ಬೈದಳು. ಅಪ್ಪ ಆ ಹೊತ್ತಿಗೆ ಪುಣೆಗೆ ಹೊರಟಿದ್ದ. ರಜೆ ಮುಗಿದಿತ್ತು.

ಪಕ್ಕದ ಮಂಚದಲ್ಲಿ ಪೆಂಟಮ್ಮ ಎಂಬ ಮುದುಕಿ ಇದ್ದಳು. ನಾರಾಯಣಪೇಟೆಯವಳು. ಮಗ್ಗಕ್ಕೆ ನೂಲು ಸುತ್ತಿ ಕೊಡುವ ಕೆಲಸ ಮಾಡಿಕೊಂಡಿದ್ದವಳು. ಅವಳಿಗೆ ಸಕ್ಕರೆ ಕಾಯಿಲೆ, ಬಲಗಾಲಿನ ಎರಡು ಬೆರಳು ತೆಗೆದಿದ್ದರು. ಕನ್ನಡ ತೆಲುಗು ಎರಡನ್ನೂ ಕಲಸಿ ಮಾತಾಡುತ್ತಿದ್ದಳು. ವಾರ್ಡಿನಲ್ಲಿ ಯಾರಿಗೆ ಏನಾಗಿದೆ, ಯಾವ ನರ್ಸ್ ಸೂಜಿ ನೋವಾಗದಂತೆ ಚುಚ್ಚುತ್ತಾರೆ, ಎಲ್ಲವೂ ಅವಳಿಗೆ ಗೊತ್ತಿತ್ತು.

ನಾಲ್ಕನೇ ದಿನ ಊರಿನಿಂದ ಆಯಿ ಬಂದಳು. ಆಯಿ ಎಂದರೆ ಅಪ್ಪನ ತಾಯಿ, ಕಾಕಾನಿಗೂ ತಾಯಿ. ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದಿದ್ದಳು. ಮೊಮ್ಮಗಳ ಕಾಲು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕಾಕಾ ಎಲ್ಲಿ ಎಂದು ಈಶ್ವರಿ ಕೇಳಿದಳು.

"ಅವನ ಸುದ್ದಿ ತಗೀಬ್ಯಾಡ," ಎಂದಳು ಆಯಿ. ಆಮೇಲೆ ತಾನೇ ಹೇಳಿದಳು. ಕಲ್ಯಾಣ್ ಮೊಬೈಲ್ ಅಂಗಡಿ ಬಿಟ್ಟಿದ್ದ. ಬೈಕನ್ನು ಮನೆಯ ಹಿಂದೆ ನಿಲ್ಲಿಸಿ, ಹೇಳದೆ ಕೇಳದೆ ಗದ್ವಾಲಕ್ಕೆ ಹೋಗಿದ್ದ. ಅಲ್ಲಿ ಹತ್ತಿಬೀಜದ ಮೂಟೆ ಹೊರುತ್ತಿದ್ದಾನಂತೆ. ಫೋನ್ ಮಾಡಿದರೆ ಎತ್ತುತ್ತಿಲ್ಲ.

"ಹೊರಲಿ ಬಿಡು," ಎಂದಳು ಆಯಿ. "ಕೂಸಿನ ಕಾಲು ಮುರುದಾನ, ಹೊರಲಿ."

ಹಾಗೆ ಹೇಳುತ್ತಲೇ ಆಯಿ ರೊಟ್ಟಿಯ ಗಂಟು ಬಿಚ್ಚತೊಡಗಿದಳು. ಈಶ್ವರಿ ಏನೋ ಹೇಳಲು ಹೊರಟಳು. ಹಾಗಲ್ಲ ಆಯಿ ಎನ್ನುವಷ್ಟರಲ್ಲಿ ಮೊಳಕೈ ಊರಿ ಏಳಲು ನೋಡಿದಳು, ಕಾಲು ತಿರುಚಿತು. ಸೊಂಟದವರೆಗೂ ನೋವು ಹರಿಯಿತು. ಹೇಳಬೇಕಾದ ಮಾತು ಅಲ್ಲೇ ನಿಂತಿತು.

ಒಂದು ಗಂಟೆಯ ನಂತರ ನರ್ಸ್ ಬಂದು ಬೆರಳಿನಿಂದ ಒತ್ತಿದರು. ಮತ್ತೊಮ್ಮೆ ಒತ್ತಿದರು. ಆಮೇಲೆ ಓಡುತ್ತಲೇ ಹೋದರು.

ಚರ್ಮದ ಒಂದು ಅಂಚು ನೇರಳೆ ಬಣ್ಣಕ್ಕೆ ತಿರುಗಿತ್ತು.

ಡಾಕ್ಟರ್ ಸುರೇಂದರ್ ಬಂದು ಎರಡು ಹೊಲಿಗೆ ಬಿಚ್ಚಿದರು. ಕಪ್ಪು ರಕ್ತ ಸೋರಿತು. ಕಾಲಿನ ಕೆಳಗೆ ದಿಂಬು ಸರಿಸಿ, ಪ್ಲಾಸ್ಟರಿನ ಒಂದು ಮೂಲೆ ಕತ್ತರಿಸಿ, ಅವರೇ ಸ್ಟೂಲ್ ಎಳೆದು ಕುಳಿತರು. ಈ ಚರ್ಮ ಹೋದರೆ ಏನು ಮಾಡುತ್ತೀರಿ ಎಂದು ಅವ್ವ ಕೇಳಿದಳು. ಮತ್ತೆ ಇಂಥದ್ದೇ ತೆಗೆಯಲು ಜಾಗ ಸುಲಭವಾಗಿ ಸಿಗುವುದಿಲ್ಲ, ಅದು ಹೋಗದ ಹಾಗೆ ನೋಡೋಣ ಎಂದರು. ಅವ್ವ ಎದ್ದು ವರಾಂಡಕ್ಕೆ ಹೋದಳು. ಆಯಿ ಮಂಚದ ಕಾಲು ಹಿಡಿದು ನೆಲದ ಮೇಲೆ ಕುಳಿತಳು.

ಸಂಜೆಯ ಹೊತ್ತಿಗೆ ಬಣ್ಣ ಸ್ವಲ್ಪ ಸ್ವಲ್ಪವೇ ತಿಳಿಯಾಯಿತು. ಅಂಚಿನಲ್ಲಿ ಉಗುರಿನಷ್ಟು ಅಗಲದ ಒಂದು ಪಟ್ಟಿ ಮಾತ್ರ ಕಪ್ಪಾಗಿ ಉಳಿಯಿತು. ಅಷ್ಟು ಹೋದರೆ ಹೋಗಲಿ, ಉಳಿದದ್ದು ಬದುಕಿದೆ ಎಂದು ಡಾಕ್ಟರ್ ಎದ್ದರು. ಅಲುಗಾಡಬೇಡ ಎಂದು ಈಶ್ವರಿಗೆ ಇನ್ನೊಮ್ಮೆ ಹೇಳಿದರು. ಅವರು ಬೈಯಲಿಲ್ಲ. ಯಾಕೆ ಅಲುಗಿದೆ ಎಂದೂ ಕೇಳಲಿಲ್ಲ.

ಅಂದಿನಿಂದ ಈಶ್ವರಿ ಕಲ್ಲಿನಂತೆ ಮಲಗಿದಳು. ಪ್ಲಾಸ್ಟರಿನೊಳಗೆ ತುರಿಕೆ ಎದ್ದರೂ ಸುಮ್ಮನಿದ್ದಳು. ಎಲ್ಲರೂ ಅವಳನ್ನು ಹೊಗಳಿದರು. ಪಾಪ, ಎಷ್ಟು ತಾಳ್ಮೆ ಈ ಹುಡುಗಿಗೆ ಎಂದು ನೋಡಲು ಬಂದವರೆಲ್ಲ ಅನ್ನುತ್ತಿದ್ದರು. ಆಮೇಲೆ ಕಾಕಾನ ಮಾತು ಬರುತ್ತಿತ್ತು. ಈಗಿನ ಹುಡುಗರಿಗೆ ಗಾಡಿ ಕೈಗೆ ಕೊಡಲೇಬಾರದು ಎನ್ನುತ್ತಿದ್ದರು. ಈಶ್ವರಿ ಬಿಸ್ಕತ್ತಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಕೇಳುತ್ತಿದ್ದಳು.

ಹತ್ತನೇ ದಿನ ಪೆಂಟಮ್ಮನನ್ನು ಆಪರೇಷನ್‌ಗೆ ಕರೆದುಕೊಂಡು ಹೋದರು. ಹೋಗುವಾಗ ಅವಳು ಈಶ್ವರಿಗೆ ಕೈ ಬೀಸಿದಳು. ಮಧ್ಯಾಹ್ನ ತಂದು ಮಲಗಿಸಿದಾಗ ಹೊದಿಕೆಯ ಕೆಳಗೆ ಅವಳ ಬಲಗಾಲು ಪಾದಕ್ಕಿಂತ ಮೊದಲೇ ಮುಗಿದಿತ್ತು.

ಎರಡು ದಿನ ಪೆಂಟಮ್ಮ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಗಂಜಿ ಕುಡಿದು, ತಾನಾಗಿಯೇ ಈಶ್ವರಿಯ ಕಡೆ ತಿರುಗಿದಳು.

"ಸಣ್ಣ ಕಟಿಗಿ ಚೂರಮ್ಮಾ," ಎಂದಳು. "ಸೂಜಿಯಷ್ಟು. ರಾಟಿ ಹತ್ರ ಚುಚ್ಚಿತ್ತು. ಎಂಟು ದಿನ ಯಾರಿಗೂ ಹೇಳಲಿಲ್ಲ ನಾನು."

"ಯಾಕ ಹೇಳಲಿಲ್ಲ?"

"ಬರಿಗಾಲಲ್ಲಿ ಓಡಾಡಬ್ಯಾಡ ಅಂತ ಸೊಸಿ ಹೇಳ್ತಿದ್ಲು. ಬೈತಾಳ ಅಂತ ಹೇಳಲಿಲ್ಲ." ಪೆಂಟಮ್ಮ ಹೊದಿಕೆಯನ್ನು ಸರಿಮಾಡಿಕೊಂಡಳು. "ಆಮ್ಯಾಗ ವಾಸನಿ ಬಂತು. ಆಗ ಅವರಿಗೇ ಗೊತ್ತಾತು."

ಸೊಸೆ ಬೈದಳೇ ಎಂದು ಈಶ್ವರಿ ಕೇಳಿದಳು.

"ಇಲ್ಲ," ಎಂದಳು ಪೆಂಟಮ್ಮ. "ಅತ್ಲು."

ಅಂದು ಮಧ್ಯಾಹ್ನ ಅವ್ವ ಈಶ್ವರಿಯ ತಲೆ ಬಾಚುತ್ತಿದ್ದಳು. ಮಲಗಿದಲ್ಲೇ ಇದ್ದು ಕೂದಲು ಗಂಟು ಕಟ್ಟಿತ್ತು. ಅವ್ವ ಒಂದೊಂದೇ ಗಂಟನ್ನು ಬೆರಳಿನಿಂದ ಬಿಡಿಸುತ್ತಿದ್ದಳು. ಅವ್ವನ ಮುಖ ಕಾಣುತ್ತಿರಲಿಲ್ಲ. ಅದರಿಂದ ಹೇಳುವುದು ಸ್ವಲ್ಪ ಸುಲಭವಾಯಿತು.

"ಅವ್ವ, ನಾನ ಕಾಲು ಹಚ್ಚಿದ್ದೆ."

"ಎಲ್ಲಿ?"

"ಗಾಲಿಗಿ. ಸಪ್ಪಳ ಬರಲಿ ಅಂತ. ಕಾಕಾ ಎರಡು ಸಲ ಬ್ಯಾಡ ಅಂದಿದ್ದ."

ಬಾಚಣಿಗೆ ನಿಂತಿತು.

ಈಶ್ವರಿ ಉಳಿದದ್ದನ್ನೂ ಹೇಳಿದಳು. ಚಪ್ಪಲಿಯ ತುದಿ, ಟರ್ರ್ ಸದ್ದು, ಮೂರನೆಯ ಸಲ.  ಹೇಳಿ ಮುಗಿದ ಮೇಲೂ ಅವ್ವನ ಕೈಯಲ್ಲಿ ಕೂದಲಿನ ಒಂದು ಎಳೆ ಹಾಗೇ ಇತ್ತು.

"ಇಷ್ಟು ದಿನ ಯಾಕ ಹೇಳಲಿಲ್ಲ?" ಎಂದು ಕೊನೆಗೆ ಕೇಳಿದಳು.

ಹೆದರಿಕೆಯಾಯಿತು ಎಂದು ಹೇಳಬಹುದಿತ್ತು. ಅದು ಪೂರ್ತಿ ನಿಜವಾಗಿರಲಿಲ್ಲ.

"ಎಲ್ಲಾರೂ ನನಗ ಪಾಪ ಅಂತಿದ್ರು," ಎಂದಳು ಈಶ್ವರಿ.

ಅವ್ವ ಬಾಚಿ ಮುಗಿಸಿದಳು. ಜಡೆ ಹಾಕಿ ರಿಬ್ಬನ್ ಕಟ್ಟಿದಳು. ಕೈ ತೊಳೆದು ಬಂದು ಫೋನ್ ತೆಗೆದು, ಪುಣೆಗೆ ಹಚ್ಚಿ, ಅಪ್ಪ ಹಲೋ ಎಂದ ಕೂಡಲೇ ಅದನ್ನು ಈಶ್ವರಿಯ ಕಿವಿಗೆ ಹಿಡಿದಳು.

"ನೀನ ಹೇಳು," ಎಂದಳು.

ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಗಿತ್ತು. ಅಪ್ಪನ ಹಿಂದೆ ಸಿಮೆಂಟ್ ಕಲಸುವ ಮಷಿನ್ ತಿರುಗುತ್ತಿತ್ತು. ಅವನಿಗೆ ಎಷ್ಟು ಕೇಳಿಸಿತೋ ತಿಳಿಯದೆ ಅವಳು ಜೋರಾಗಿ ಹೇಳಬೇಕಾಯಿತು. ವಾರ್ಡಿನವರೆಲ್ಲ ಕೇಳಿಸಿಕೊಂಡರು. ಪೆಂಟಮ್ಮ ಮೇಲಿನ ಫ್ಯಾನ್ ನೋಡುತ್ತಾ ಮಲಗಿದ್ದಳು.

ಅಪ್ಪ ಯಾರಿಗೋ ಕೂಗಿ ಮಷಿನ್ ನಿಲ್ಲಿಸಿದ.

"ಅವ ನನಗ ಒಂದು ಮಾತೂ ಹೇಳಲಿಲ್ಲ," ಎಂದ ಅಪ್ಪ. ಅದು ಅವಳಿಗೆ ಹೇಳಿದಂತಿರಲಿಲ್ಲ. ಆಮೇಲೆ, ಕಾಲು ಅಲುಗಾಡಿಸಬೇಡ, ಊಟ ಮಾಡು ಎಂದು ಹೇಳಿ ಫೋನ್ ಇಟ್ಟ.

ಹೇಳಿಬಿಟ್ಟರೆ ಹಗುರವಾಗುತ್ತದೆ ಎಂದು ಈಶ್ವರಿ ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅಪ್ಪ ಅಂದೇ ಗದ್ವಾಲಕ್ಕೆ ಫೋನ್ ಮಾಡಿದನಂತೆ. ಕಾಕಾ ಎತ್ತಿದನಂತೆ. ಹ್ಞೂಂ ಎಂದನಂತೆ, ಅಷ್ಟೇ. ಆ ವಾರ ಅವನು ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ವಾರ್ಡಿನ ಬಾಗಿಲಲ್ಲಿ ಎತ್ತರದವರು ಯಾರು ಬಂದರೂ ಈಶ್ವರಿ ತಲೆ ಎತ್ತಿ ನೋಡುತ್ತಿದ್ದಳು.

ಪೆಂಟಮ್ಮನನ್ನು ಅವಳ ಸೊಸೆ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಮನೆಗೆ ಹೋದಳು. ಆ ಮಂಚಕ್ಕೆ ಬೇರೆ ಯಾರೋ ಬಂದರು.

ಮೂರು ವಾರ ಮುಗಿಯುತ್ತ ಬಂದಾಗ ಡಾಕ್ಟರ್ ದಿನಕ್ಕೊಮ್ಮೆ ಬಲಗಾಲಿನ ಕಡೆ ರಬ್ಬರ್ ನಳಿಕೆ ಬಿಗಿದು ನೋಡಿದರು. ಆ ಕಡೆಯಿಂದ ರಕ್ತ ಬರದಿದ್ದರೂ ಚರ್ಮ ಕೆಂಪಗೇ ಉಳಿಯಿತು. ಹಿಮ್ಮಡಿ ಕಲಿತುಕೊಂಡಿದೆ ಎಂದರು. ಇಪ್ಪತ್ತೆರಡನೇ ದಿನ ಎರಡೂ ಕಾಲನ್ನು ಬೇರೆ ಮಾಡಿದರು.

ಬೇರೆಯಾದ ಕಾಲುಗಳು ಅವಳ ಮಾತು ಕೇಳಲಿಲ್ಲ. ಮೊಳಕಾಲು ಮಡಚಿದ್ದು ನೆಟ್ಟಗಾಗಲಿಲ್ಲ. ಬಲಗಾಲಿನ ಮೀನಖಂಡದಲ್ಲಿ ಅಂಗೈಯಗಲದ ತಗ್ಗು, ಅದರ ಮೇಲೆ ಬಲೆಯಂಥ ಗುರುತಿನ ಚರ್ಮ. ಎಡಗಾಲಿನ ಹಿಮ್ಮಡಿಯ ಹಿಂದೆ ಒಂದು ಸಣ್ಣ ದಿಂಬಿನಂಥ ಉಬ್ಬು. ವಾಕರ್ ಹಿಡಿದು ನಿಂತಾಗ ಮೈಯೆಲ್ಲ ನಡುಗಿತು. ನಾಲ್ಕು ಹೆಜ್ಜೆಗೆ ಬೆವರು ಬಂತು.

ನಾನು ಓಡಬಹುದಾ ಎಂದು ಅವಳು ಡಾಕ್ಟರಿಗೆ ತೆಲುಗಿನಲ್ಲಿ ಕೇಳಿದಳು. ನಡೆಯುವುದಂತೂ ಖಂಡಿತ, ಓಡುವುದನ್ನು ಒಂದು ವರ್ಷದ ಮೇಲೆ ನೋಡೋಣ ಎಂದರು. ಮೊದಲಿನಂತೆ ಓಡುತ್ತೀಯ ಎಂದು ಅವರು ಹೇಳಲಿಲ್ಲ. ಅವಳು ಅದನ್ನು ಗಮನಿಸಿದಳು.

ಊರಿಗೆ ಬರುವ ಹೊತ್ತಿಗೆ ಬೇಸಿಗೆಯ ಬಿಸಿಲು ಏರಿತ್ತು. ಒಂದು ಭಾನುವಾರ ಶಾಲೆಯ ಗೆಳತಿ ಸ್ರವಂತಿ ನೋಡಲು ಬಂದಳು. ಕಾಲು ತೋರಿಸು ಎಂದಳು. ತೋರಿಸಿದ ಮೇಲೆ ಬೇರೆ ಕಡೆ ನೋಡಿದಳು. ಆಮೇಲೆ ಖೋಖೋ ಟೀಮಿನ ಸುದ್ದಿ ಹೇಳಿದಳು. ಈಶ್ವರಿಯ ಜಾಗದಲ್ಲಿ ಈಗ ತಾನೇ ಆಡುತ್ತಿದ್ದೇನೆ ಎಂದು ಮೆಲ್ಲಗೆ ಹೇಳಿದಳು. ಒಳ್ಳೆಯದು ಎಂದಳು ಈಶ್ವರಿ. ಅವಳು ಹೋದ ಮೇಲೆ ಬಹಳ ಹೊತ್ತು ಬಾಗಿಲ ಕಡೆ ಬೆನ್ನು ಮಾಡಿ ಕುಳಿತಳು.

ಮರುವಾರ ಕಲ್ಯಾಣ್ ಕಾಕಾ ಬಂದ. ಬಸ್ಸಿಳಿದು ನಡೆದುಕೊಂಡು ಬಂದಿದ್ದ. ಮೂಟೆ ಹೊತ್ತು ಹೆಗಲು ಕಪ್ಪಾಗಿತ್ತು, ಮುಖ ಸಣ್ಣದಾಗಿತ್ತು. ಆಯಿ ಅವನನ್ನು ನೋಡಿ ಒಳಗೆ ಹೋಗಿ, ಒಂದು ತಂಬಿಗೆ ನೀರು ತಂದು ಅವನ ಮುಂದೆ ಇಟ್ಟಳು. ಅವನು ನೀರು ಕುಡಿದು ಕಟ್ಟೆಯ ಮೇಲೆ ಈಶ್ವರಿಯಿಂದ ಸ್ವಲ್ಪ ದೂರ ಕುಳಿತ.

"ನಾ ಎಲ್ಲಾ ಹೇಳೀನಿ ಕಾಕಾ," ಎಂದಳು ಈಶ್ವರಿ.

"ಅಣ್ಣ ಅಂದ."

"ನೀ ಯಾಕ ಹೇಳಲಿಲ್ಲ? ಎರಡು ಸಲ ಬ್ಯಾಡ ಅಂದಿದ್ದಿಯಲ್ಲ."

ಕಾಕಾ ತಂಬಿಗೆಯನ್ನು ನೆಲದ ಮೇಲೆ ಒಂದು ಸುತ್ತು ತಿರುಗಿಸಿದ.

"ಮೂರನೇ ಸಲಾನೂ ಸಪ್ಪಳ ಕೇಳಿತ್ತು ನನಗ," ಎಂದ. "ಗಾಡಿ ನಿಲ್ಲಸಬೇಕಿತ್ತು. ಇನ್ನೇನು ಊರು ಬಂತಲ್ಲ ಅಂತ ಹೊಂಟೆ."

ಈಶ್ವರಿ ಬೇರೆಯೇ ಲೆಕ್ಕ ಹಾಕಿದ್ದಳು. ತಾನು ನಿಜ ಹೇಳಿದರೆ ಕಾಕಾನ ಮೇಲಿನ ತಪ್ಪು ಪೂರ್ತಿ ತನ್ನ ಮೇಲೆ ಬರುತ್ತದೆ, ಅವನು ಮೊದಲಿನಂತಾಗುತ್ತಾನೆ ಎಂದುಕೊಂಡಿದ್ದಳು. ಅವನ ಪಾಲಿನದು ಅವನ ಹತ್ತಿರವೇ ಇತ್ತು. ಅದನ್ನು ತೆಗೆದುಕೊಳ್ಳಲು ಅವಳಿಂದ ಆಗುವಂತಿರಲಿಲ್ಲ.

ಒಳಗಿನಿಂದ ಅವ್ವ ಕೊಬ್ಬರಿ ಎಣ್ಣೆಯ ಬಾಟಲಿ ತಂದಳು. ಹೊಸ ಚರ್ಮ ಬಿರಿಯದಂತೆ ದಿನಕ್ಕೆ ಎರಡು ಸಲ ಎಣ್ಣೆ ಹಚ್ಚಿ ಮೆತ್ತಗೆ ತಿಕ್ಕಬೇಕೆಂದು ಡಾಕ್ಟರ್ ಹೇಳಿದ್ದರು. ಆ ಕೆಲಸವನ್ನು ಅವ್ವ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಅಂದು ಅವಳು ಬಾಟಲಿಯನ್ನು ಕಲ್ಯಾಣನ ಕೈಗೆ ಕೊಟ್ಟು ಒಲೆಯ ಕಡೆ ಹೋದಳು.

ಕಾಕಾ ಬಾಟಲಿಯ ಮುಚ್ಚಳ ತೆಗೆದು ಮತ್ತೆ ಹಾಕಿದ. ಆಪರೇಷನ್ ಆದ ಮೇಲೆ ಅವನು ಆ ಕಾಲನ್ನು ಒಮ್ಮೆಯೂ ನೋಡಿರಲಿಲ್ಲ. ಈಶ್ವರಿ ಎರಡು ಕೈಯಿಂದ ಎಡಗಾಲು ಎತ್ತಿ ಅವನ ತೊಡೆಯ ಮೇಲೆ ಇಟ್ಟಳು.

ಅವನು ಅಂಗೈಗೆ ಎಣ್ಣೆ ಹಾಕಿಕೊಂಡು ಹಿಮ್ಮಡಿಗೆ ಹಚ್ಚಿದ. ಮೂಟೆ ಹೊತ್ತು ಒರಟಾಗಿದ್ದ ಕೈ ಬಹಳ ಮೆಲ್ಲಗೆ ಸರಿಯಿತು. ಉಬ್ಬಿನ ಸುತ್ತ ಹೊಲಿಗೆಯ ಗುರುತಿನ ಮೇಲೆ ಬೆರಳು ಹೋದಾಗ ನಿಂತಿತು.

"ನೋವಾಗತೈತೇನು?"

"ಇಲ್ಲ."

"ನಾ ಮುಟ್ಟಿದ್ದು ಗೊತ್ತಾಗತೈತೇನು?"

ಈಶ್ವರಿ ಕಣ್ಣು ಮುಚ್ಚಿ ನೋಡಿದಳು. ಕಾಲಿನ ಬದಿಯಲ್ಲಿ ಅವನ ಹೆಬ್ಬೆರಳು ತಿಳಿಯುತ್ತಿತ್ತು. ಹೊಸ ಚರ್ಮದ ಮೇಲೆ ಏನೂ ಇರಲಿಲ್ಲ, ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ಗೊತ್ತಾಗುತ್ತದೆ ಎಂದರೆ ಕಾಕಾನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಇನ್ನೂ ಇಲ್ಲ ಕಾಕಾ," ಎಂದಳು. "ವರ್ಷ ಹಿಡಿಯಬಹುದಂತ. ಬರದ ಇರಬಹುದಂತ ಕೂಡ."

ಕಾಕಾ ತಲೆ ಆಡಿಸಿದ. ಅವನ ಕಣ್ಣು ತುಂಬಿತ್ತು, ಆದರೆ ಕೈ ತೆಗೆಯಲಿಲ್ಲ. ಮತ್ತೆ ಸ್ವಲ್ಪ ಎಣ್ಣೆ ಹಾಕಿಕೊಂಡು ಅಲ್ಲೇ ತಿಕ್ಕತೊಡಗಿದ.

ಈಶ್ವರಿ ಕಣ್ಣು ತೆರೆದು, ಮುಟ್ಟಿದರೂ ತನಗೆ ತಿಳಿಯದ ಆ ಕೈಯನ್ನೇ ನೋಡುತ್ತ ಕುಳಿತಳು.